ವಿಮಾ ಕಂಪನಿಯ ಹಳೇ ದರಪಟ್ಟಿ ಬದಲಿಸುವುದು ಹೇಗೆ? ಮಲೆನಾಡಿನ ಸಣ್ಣ ಆಸ್ಪತ್ರೆಗಳಿಗೆ ಒಂದು ಮಾರ್ಗದರ್ಶಿ

ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬದ ಕಡೆ ಇಪ್ಪತ್ತು ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ವೈದ್ಯರು ಸಿಕ್ಕಾಗೆಲ್ಲ ಒಂದು ಮಾತು ಕೇಳಿಬರುತ್ತದೆ: 'ಕ್ಯಾಶ್‌ಲೆಸ್ ಪೇಷಂಟ್ ಬಂದರೆ ಕೈಯಿಂದ ಹಾಕಬೇಕು.' ಕ್ಯಾಶ್‌ಲೆಸ್ ಅಂದರೆ ರೋಗಿ ಹಣ ಕಟ್ಟದೆ, ಬಿಲ್ಲನ್ನು ವಿಮಾ ಕಂಪನಿಯೇ ಆಸ್ಪತ್ರೆಗೆ ಕೊಡುವ ವ್ಯವಸ್ಥೆ. ಕಂಪನಿ ಜೊತೆಗಿನ ಒಪ್ಪಂದದ ಪ್ರತಿ ತೋರಿಸಿ ಅಂದರೆ ಮಾತ್ರ ತಕ್ಷಣ ಸಿಗುವುದಿಲ್ಲ. ಎಂಪ್ಯಾನೆಲ್ ಆಗುವ, ಅಂದರೆ ಕಂಪನಿಯ ಆಸ್ಪತ್ರೆ ಪಟ್ಟಿಗೆ ಸೇರುವ ಅವಸರದಲ್ಲಿ ಕಂಪನಿ ಕಳಿಸಿದ ಎಂಒಯುಗೆ (ಒಪ್ಪಂದ ಪತ್ರಕ್ಕೆ) ಸಹಿ ಮಾಡಿ, ಸೀಲ್ ಒತ್ತಿ ಕಳಿಸಿರುತ್ತಾರೆ. ಐದಾರು ವರ್ಷ ಆದರೂ ಅದೇ ದರ ನಡೆಯುತ್ತಿರುತ್ತದೆ. ಅಷ್ಟರಲ್ಲಿ ನರ್ಸ್ ಸಂಬಳ, ಆಕ್ಸಿಜನ್, ಜನರೇಟರ್ ಡೀಸೆಲ್ ಎಲ್ಲ ಏರಿರುತ್ತವೆ.

ಖಾಸಗಿ ವಿಮೆಯ ದರಪಟ್ಟಿ ಇಬ್ಬರು ಕೂತು ಮಾಡಿಕೊಂಡ ಒಪ್ಪಂದ. ಸರಿಯಾಗಿ ಕೇಳಿದರೆ ಬದಲಾಗುತ್ತದೆ. ಆದರೆ 'ದರ ಜಾಸ್ತಿ ಮಾಡಿ' ಅಂತ ಸುಮ್ನೆ ಒಂದು ಮೇಲ್ ಹಾಕಿದರೆ ಉತ್ತರವೂ ಬರುವುದಿಲ್ಲ. ಕೇಳುವ ಮೊದಲು ನಿಮ್ಮದೇ ಲೆಕ್ಕ ನಿಮ್ಮ ಕೈಯಲ್ಲಿರಬೇಕು. ಮತ್ತೊಂದು ಮಾತು. ಎಷ್ಟೋ ಸಲ ನಷ್ಟ ಆಗುವುದು ಪಟ್ಟಿಯ ದರದಿಂದಲ್ಲ, ಆ ದರ ನಿಮ್ಮ ಬ್ಯಾಂಕಿಗೆ ತಲುಪುವ ದಾರಿಯಲ್ಲಿ ಆಗುವ ಕಡಿತದಿಂದ. ಹಾಗಾಗಿ ಈ ಲೇಖನದಲ್ಲಿ ದರದಷ್ಟೇ ಜಾಗ ಕಡಿತಕ್ಕೂ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಯಾವುದು ಬದಲಾಗುತ್ತದೆ, ಯಾವುದು ಇಲ್ಲ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಮತ್ತು ಯಶಸ್ವಿನಿ ಯೋಜನೆಗಳ ಪ್ಯಾಕೇಜ್ ದರವನ್ನು (ಒಂದು ಚಿಕಿತ್ಸೆಗೆ ಎಲ್ಲ ಸೇರಿಸಿ ಕೊಡುವ ಒಂದೇ ಮೊತ್ತ) ಸರ್ಕಾರ ನಿಗದಿ ಮಾಡುತ್ತದೆ. ಒಂದು ಆಸ್ಪತ್ರೆ ಹೋಗಿ ಚೌಕಾಸಿ ಮಾಡಲು ಅಲ್ಲಿ ಜಾಗವಿಲ್ಲ. ಸಹಕಾರ ಸಂಘಗಳು ಗಟ್ಟಿಯಾಗಿರುವ ನಮ್ಮ ಕಡೆ ಯಶಸ್ವಿನಿ ಕಾರ್ಡಿನ ರೋಗಿಗಳು ಬರುತ್ತಲೇ ಇರುತ್ತಾರೆ. ಆ ಲೆಕ್ಕವನ್ನು ಬೇರೆ ಪುಸ್ತಕದಲ್ಲಿಡಿ, ಇದರ ಜೊತೆ ಬೆರೆಸಬೇಡಿ.

ಉಳಿದದ್ದು ಖಾಸಗಿ ಮತ್ತು ಸರ್ಕಾರಿ ವಲಯದ ವಿಮಾ ಕಂಪನಿಗಳು. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯಂಟಲ್, ನ್ಯಾಷನಲ್ ಈ ನಾಲ್ಕಕ್ಕೆ ಒಟ್ಟಾಗಿ ಜಿಪ್ಸಾ ಅನ್ನುತ್ತಾರೆ. ಇವರ ಪಿಪಿಎನ್ (ಆಯ್ದ ಆಸ್ಪತ್ರೆಗಳ ಜಾಲ) ಒಪ್ಪಂದದಲ್ಲಿದ್ದರೆ ನಾಲ್ಕು ಕಂಪನಿಗೂ ಒಂದೇ ಪ್ಯಾಕೇಜ್ ಪಟ್ಟಿ. ಉಳಿದ ಕಂಪನಿಗಳಲ್ಲಿ ಕೆಲವು ನೇರವಾಗಿ ಒಪ್ಪಂದ ಮಾಡಿಕೊಂಡಿರುತ್ತವೆ, ಕೆಲವು ಟಿಪಿಎ (ಕಂಪನಿ ಪರವಾಗಿ ಕ್ಲೇಮ್ ಕೆಲಸ ನೋಡಿಕೊಳ್ಳುವ ಸಂಸ್ಥೆ) ಮೂಲಕ. ಪ್ರತಿಯೊಂದನ್ನೂ ಹುಡುಕಿ ತೆಗೆಯಿರಿ. ಸಿಗದಿದ್ದರೆ ಅವರ ನೆಟ್‌ವರ್ಕ್ ವಿಭಾಗಕ್ಕೇ ಮೇಲ್ ಮಾಡಿ, ಸಹಿಯಾದ ಪ್ರತಿ ಕೇಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಕಾಗದ.

ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕಾದ್ದು: ಸಹಿಯಾದ ದಿನ, ಅವಧಿ, ತಾನಾಗಿ ನವೀಕರಣ ಆಗುತ್ತದೆಯೇ, ದರ ಪರಿಷ್ಕರಣೆ ಬಗ್ಗೆ ಏನು ಬರೆದಿದೆ, ಒಪ್ಪಂದ ಬಿಡಲು ಎಷ್ಟು ದಿನದ ನೋಟಿಸ್, ಎಷ್ಟು ಪರ್ಸೆಂಟ್ ಡಿಸ್ಕೌಂಟ್, ಎಷ್ಟು ದಿನದಲ್ಲಿ ಹಣ. ಸಹಿ ಹಾಕಿದವರು ಯಾರು ಅನ್ನುವುದನ್ನೂ ನೋಡಿ. ಟಿಪಿಎ ನಡುವಿನ ಸೇವಾ ಸಂಸ್ಥೆ. ಹಣ ಕೊಡುವುದು ವಿಮಾ ಕಂಪನಿ, ಕ್ಲೇಮ್ ತಿರಸ್ಕರಿಸುವ ಅಧಿಕಾರವೂ ಅದರದ್ದೇ. ಹಾಗಾಗಿ ಟಿಪಿಎ ಪ್ರತಿನಿಧಿ 'ಆಗಲ್ಲ ಸಾರ್' ಅಂದರೆ ಮಾತು ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ.

ಎರಡನೇ ಹೆಜ್ಜೆ: ಒಂದು ವರ್ಷದ ಸೆಟ್ಲ್‌ಮೆಂಟ್ ಲೆಟರ್‌ಗಳು

ಇದು ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನ ಯಾವುದೂ ನಿಲ್ಲುವುದಿಲ್ಲ. ಕಳೆದ ಹನ್ನೆರಡು ತಿಂಗಳಲ್ಲಿ ಆ ಕಂಪನಿಯಿಂದ ಬಂದ ಪ್ರತಿ ಸೆಟ್ಲ್‌ಮೆಂಟ್ ಲೆಟರ್ ತೆಗೆದು ಎಕ್ಸೆಲ್‌ನಲ್ಲಿ ಹಾಕಿಸಿ. ಕಾಯಿಲೆ ಅಥವಾ ಆಪರೇಷನ್, ಬಿಲ್ ಮೊತ್ತ, ಮಂಜೂರಾದ ಮೊತ್ತ, ಡಿಸ್ಕೌಂಟ್, ಕಡಿತ, ಕಡಿತಕ್ಕೆ ಕೊಟ್ಟ ಕಾರಣ, ಟಿಡಿಎಸ್, ಬ್ಯಾಂಕಿಗೆ ಬಂದ ಮೊತ್ತ, ಬಿಲ್ ಕಳಿಸಿದ ದಿನ, ಹಣ ಬಂದ ದಿನ, ಯುಟಿಆರ್ (ಬ್ಯಾಂಕ್ ವರ್ಗಾವಣೆಯ ಗುರುತು) ನಂಬರ್. ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವ ಹುಡುಗಿಗೆ ದಿನಕ್ಕೆ ಒಂದು ಗಂಟೆ ಈ ಕೆಲಸಕ್ಕೇ ಬಿಡುವು ಮಾಡಿಕೊಡಿ. ಅವರಿಗೆ ಗೊತ್ತಿರುವಷ್ಟು ವಿಷಯ ಡಾಕ್ಟರಿಗೂ ಗೊತ್ತಿರುವುದಿಲ್ಲ. ಯಾವ ಕಂಪನಿ ಸಂಜೆ ನಾಲ್ಕರ ನಂತರ ಕ್ವೆರಿ (ಹೆಚ್ಚಿನ ವಿವರ ಕೇಳುವ ಪ್ರಶ್ನೆ) ಹಾಕುತ್ತದೆ, ಯಾರು ಒಂದೇ ರಿಪೋರ್ಟ್ ಎರಡೆರಡು ಸಲ ಕೇಳುತ್ತಾರೆ, ಎಲ್ಲ ಅವರ ಬಾಯಲ್ಲೇ ಇರುತ್ತದೆ. ಮಾತುಕತೆಗೂ ಅವರನ್ನು ಕರೆದುಕೊಂಡು ಹೋಗಿ.

ಈಗ ಒಂದು ಲೆಕ್ಕ. ಅಂಕಿಗಳು ಬರೀ ಉದಾಹರಣೆಗೆ. ಲ್ಯಾಪ್ ಅಪೆಂಡಿಕ್ಸ್ (ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್) ಪ್ಯಾಕೇಜ್ ₹40,000 ಅಂತ ಇಟ್ಟುಕೊಳ್ಳಿ. ಎಂಒಯು ಪ್ರಕಾರ 10 ಪರ್ಸೆಂಟ್ ಡಿಸ್ಕೌಂಟ್ ಹೋದರೆ ₹36,000. 'ನಾನ್ ಪೇಯಬಲ್' (ಪಾಲಿಸಿಯಲ್ಲಿ ಕೊಡಲು ಬರದ್ದು) ಅಂತ ₹1,500 ಹಿಡಿದರೆ ₹34,500. ಅದರ ಮೇಲೆ 10 ಪರ್ಸೆಂಟ್ ಟಿಡಿಎಸ್ ಅಂದರೆ ₹3,450. ಬ್ಯಾಂಕಿಗೆ ಬರುವುದು ₹31,050. ಅದೂ ಎರಡು ತಿಂಗಳ ನಂತರ. ಅರಿವಳಿಕೆ ವೈದ್ಯರನ್ನು ಶಿವಮೊಗ್ಗದಿಂದ ಕರೆಸಿದ್ದರೆ ಅವರಿಗೆ ಅವತ್ತೇ ಕೊಟ್ಟಾಗಿರುತ್ತದೆ.

ಇದರಲ್ಲಿ ಗಮನಿಸಬೇಕಾದ್ದು ಇದೆ. ದರವನ್ನು 10 ಪರ್ಸೆಂಟ್ ಏರಿಸಿದರೆ ಪ್ಯಾಕೇಜ್ ₹44,000 ಆಗುತ್ತದೆ, ಡಿಸ್ಕೌಂಟ್ ಕಳೆದರೆ ₹39,600. ದರ ಏರಿಸದೆ ಡಿಸ್ಕೌಂಟ್ ತೆಗೆಸಿದರೆ ಪೂರ್ತಿ ₹40,000. ಅಂದರೆ ಡಿಸ್ಕೌಂಟ್ ತೆಗೆಸುವುದೇ ಜಾಸ್ತಿ ಲಾಭ. ದರ ಏರಿಸಲು ಅವರು ಮೇಲಿನವರ ಒಪ್ಪಿಗೆ ಪಡೆಯಬೇಕು. ಡಿಸ್ಕೌಂಟಿಗೆ ಷರತ್ತು ಹಾಕುವುದನ್ನು ಅದಕ್ಕಿಂತ ಬೇಗ ಒಪ್ಪುತ್ತಾರೆ.

ಟಿಡಿಎಸ್ ವಿಷಯದಲ್ಲಿ ಟಿಪಿಎ ಜೊತೆ ಜಗಳ ಬೇಡ. ಆಸ್ಪತ್ರೆಗೆ ಹಣ ಕೊಡುವಾಗ ಟಿಪಿಎ ಟಿಡಿಎಸ್ ಹಿಡಿಯಲೇಬೇಕು ಅಂತ ನೇರ ತೆರಿಗೆ ಮಂಡಳಿ 2009ರಲ್ಲೇ ಹೇಳಿದೆ. ಅದು ನಿಮ್ಮದೇ ತೆರಿಗೆ, ರಿಟರ್ನ್ ಸಲ್ಲಿಸಿದಾಗ ಲೆಕ್ಕಕ್ಕೆ ಬರುತ್ತದೆ. ಆದಾಯ ತೆರಿಗೆ ಪೋರ್ಟಲ್‌ನ ಟಿಡಿಎಸ್ ಲೆಕ್ಕದಲ್ಲಿ ಪ್ರತಿ ಮೂರು ತಿಂಗಳಿಗೊಮ್ಮೆ ತಾಳೆ ನೋಡಿ. ನಿಮ್ಮ ಲಾಭ ಕಡಿಮೆ ಇದ್ದರೆ ಕಡಿಮೆ ದರದ ಟಿಡಿಎಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ನಿಮ್ಮ ಆಡಿಟರ್ ಹತ್ತಿರ ಕೇಳಿ.

ಕಡಿತದ ಕಾರಣಗಳನ್ನು ಗುಂಪು ಮಾಡಿದರೆ ಒಂದು ಭಾಗ ನಿಮ್ಮ ಬಿಲ್ಲಿಂಗ್‌ನದ್ದೇ ಅಂತ ಕಾಣುತ್ತದೆ. ವಿಮಾ ನಿಯಂತ್ರಕ ಐಆರ್‌ಡಿಎಐ ನಾಲ್ಕು ಪಟ್ಟಿ ಮಾಡಿದೆ. ಮೊದಲನೆಯದರಲ್ಲಿ ಪಾಲಿಸಿಯಲ್ಲಿ ಸೇರದಿರಬಹುದಾದ 68 ವಸ್ತುಗಳಿವೆ. ಉಳಿದ ಮೂರರಲ್ಲಿ ರೂಮ್ ಬಾಡಿಗೆ, ಆಪರೇಷನ್ ಶುಲ್ಕ, ಚಿಕಿತ್ಸಾ ವೆಚ್ಚದೊಳಗೇ ಸೇರಬೇಕಾದ ವಸ್ತುಗಳಿವೆ. ಇವನ್ನು ಬೇರೆ ಸಾಲಿನಲ್ಲಿ ಬರೆದರೆ ಖಂಡಿತ ಕತ್ತರಿ ಬೀಳುತ್ತದೆ. ಆ ನಾಲ್ಕು ಪಟ್ಟಿ ಬಿಲ್ಲಿಂಗ್ ಟೇಬಲ್ಲಿನ ಗೋಡೆಗೆ ಅಂಟಿಸಿ. ಅದರ ವೆಚ್ಚವನ್ನು ಹೊಸ ದರದೊಳಗೆ ಸೇರಿಸಿಯೇ ಕೇಳಿ.

ಕಡಿತದ ಮತ್ತೊಂದು ಭಾಗ ತಕರಾರು ಮಾಡಲೇಬೇಕಾದ್ದು. ರೋಗಿ ತನ್ನ ಪಾಲಿಸಿಗಿಂತ ದೊಡ್ಡ ರೂಮ್ ತೆಗೆದುಕೊಂಡ ಅಂತ ಇಡೀ ಬಿಲ್ಲನ್ನೇ ಅನುಪಾತದಲ್ಲಿ ಕಡಿಯುವುದು ಇದೆಯಲ್ಲ, ಅದಕ್ಕೆ ಮಿತಿ ಇದೆ. ಔಷಧ, ಕನ್ಸ್ಯೂಮಬಲ್ಸ್, ಇಂಪ್ಲಾಂಟ್, ಲ್ಯಾಬ್ ಖರ್ಚಿನ ಮೇಲೆ ಹಾಗೆ ಕಡಿಯುವಂತಿಲ್ಲ. ಐಸಿಯು ಶುಲ್ಕದ ಮೇಲೂ ಇಲ್ಲ. ರೂಮ್ ಯಾವುದಾದರೂ ಒಂದೇ ಶುಲ್ಕ ತೆಗೆದುಕೊಳ್ಳುವ ಆಸ್ಪತ್ರೆಯಲ್ಲಂತೂ ಅನುಪಾತದ ಕಡಿತಕ್ಕೆ ಅವಕಾಶವೇ ಇಲ್ಲ. ನಮ್ಮ ಕಡೆಯ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಜನರಲ್ ವಾರ್ಡಿಗೂ ಸ್ಪೆಷಲ್ ರೂಮಿಗೂ ಡಾಕ್ಟರ್ ಫೀಸ್ ಒಂದೇ ಇರುವುದು ಮಾಮೂಲು. ಹಾಗಿದ್ದರೆ 'ನಮ್ಮಲ್ಲಿ ರೂಮ್ ಆಧಾರದ ದರವ್ಯತ್ಯಾಸ ಇಲ್ಲ' ಅನ್ನುವ ಒಂದು ಸಾಲನ್ನು ಒಪ್ಪಂದದಲ್ಲೇ ಬರೆಸಿ. ರೋಗಿಗೂ ಇದರಿಂದ ದೊಡ್ಡ ಉಪಕಾರ. ಆ ಕಡಿತ ಕೊನೆಗೆ ಬೀಳುವುದು ಅವರ ಜೇಬಿನ ಮೇಲೇ ಅಲ್ವಾ?

ಮೂರನೇ ಹೆಜ್ಜೆ: ಮಲೆನಾಡಿನ ಕಾಯಿಲೆಗಳಿಗೆ ಮಲೆನಾಡಿನ ಪ್ಯಾಕೇಜ್

ವಿಮಾ ಕಂಪನಿ ಕಳಿಸುವ ಪಟ್ಟಿ ದೊಡ್ಡ ಊರಿನ ಆಸ್ಪತ್ರೆಗಳನ್ನು ನೋಡಿ ಮಾಡಿದ್ದು. ಪೊರೆ ಆಪರೇಷನ್, ಗರ್ಭಕೋಶ, ಹರ್ನಿಯಾ, ಮೂಲವ್ಯಾಧಿ ಎಲ್ಲ ಇರುತ್ತದೆ. ನಮ್ಮ ವಾರ್ಡ್ ತುಂಬುವ ಕಾಯಿಲೆಗಳು ಮಾತ್ರ 'ಮೆಡಿಕಲ್ ಮ್ಯಾನೇಜ್‌ಮೆಂಟ್, ದಿನಕ್ಕೆ ಇಷ್ಟು' ಅನ್ನುವ ಒಂದೇ ಸಾಲಿನಲ್ಲಿ ಮುಗಿದಿರುತ್ತವೆ. ಮಾತುಕತೆಯಲ್ಲಿ ಅತಿ ಹೆಚ್ಚು ಗಟ್ಟಿಯಾಗಿ ನಿಲ್ಲಬೇಕಾದ ಜಾಗ ಇದು.

ಹಾವು ಕಡಿತ ತೆಗೆದುಕೊಳ್ಳಿ. ರಕ್ತ ಹೆಪ್ಪುಗಟ್ಟದ ರೋಗಿಗೆ ಮೊದಲ ಡೋಸೇ ಎಂಟರಿಂದ ಹತ್ತು ವಯಲ್ ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ). ಆರು ಗಂಟೆಯ ನಂತರವೂ ಹೆಪ್ಪುಗಟ್ಟದಿದ್ದರೆ ಮತ್ತೆ ಕೊಡಬೇಕು. ಕೊಳಕುಮಂಡಲ ಕಡಿದವರಿಗೆ ಡಯಾಲಿಸಿಸ್ ಬೇಕಾಗಬಹುದು. ಇಷ್ಟನ್ನೂ ದಿನದ ದರದೊಳಗೆ ಸೇರಿಸಿದರೆ ಆಸ್ಪತ್ರೆ ಹೇಗೆ ಉಳಿಯಬೇಕು? ನಮ್ಮ ತೋಟಗಳಲ್ಲಿ ಸಿಗುವ ಹಂಪ್‌ನೋಸ್ ಪಿಟ್ ವೈಪರ್ ವಿಷಕ್ಕೆ ಭಾರತದಲ್ಲಿ ಸಿಗುವ ಎಎಸ್‌ವಿ ನಾಟುವುದಿಲ್ಲ. ಅದನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ ಮಾಡಿರುವುದು. ಅಂಥ ರೋಗಿಯನ್ನು ರಕ್ತ ಪರೀಕ್ಷೆ ಮಾಡುತ್ತಾ ದಿನಗಟ್ಟಲೆ ನೋಡಿಕೊಳ್ಳಬೇಕು. 'ಎಎಸ್‌ವಿ ಕೊಟ್ಟಿಲ್ಲ, ಹಾಗಾದರೆ ಅಡ್ಮಿಷನ್ ಯಾಕೆ?' ಅನ್ನುವ ಕ್ವೆರಿ ಬರುತ್ತದೆ. ಹೊಸ ಒಪ್ಪಂದದಲ್ಲಿ ಬರೆಸಬೇಕಾದ್ದು: ಎಎಸ್‌ವಿ, ರಕ್ತದ ಅಂಶಗಳು, ಡಯಾಲಿಸಿಸ್ ಮೂರೂ ಪ್ಯಾಕೇಜಿನ ಹೊರಗೆ, ಬಳಸಿದಷ್ಟಕ್ಕೆ ಬಿಲ್ ಪ್ರಕಾರ ಪಾವತಿ.

ಮಂಗನ ಕಾಯಿಲೆ ಇನ್ನೊಂದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ. ಬೇಸಿಗೆಯ ತಿಂಗಳುಗಳಲ್ಲಿ ಉಣುಗು ಕಚ್ಚಿ ಬರುತ್ತದೆ. ವೈರಸ್ಸಿಗೇ ಅಂತ ಔಷಧ ಇಲ್ಲ, ಬೆಂಬಲ ಚಿಕಿತ್ಸೆಯೇ ಎಲ್ಲ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ನಂತರ ಎರಡನೇ ಹಂತ ಬರುತ್ತದೆ, ಆಗ ಮೆದುಳಿನ ಲಕ್ಷಣಗಳು ಕಾಣುತ್ತವೆ. ಇಲ್ಲೇ ತೊಡಕು. ವಿಮೆಯ ಭಾಷೆಯಲ್ಲಿ 45 ದಿನದೊಳಗೆ ಮರುಕಳಿಸಿದ್ದು ಅದೇ ಕಾಯಿಲೆಯ ಮುಂದುವರಿಕೆ. ಕೆಲವು ಎಂಒಯುಗಳಲ್ಲಿ ಮರು ದಾಖಲಾತಿಯೂ ಮೊದಲ ಪ್ಯಾಕೇಜಿನಲ್ಲೇ ಸೇರಿತು ಅನ್ನುವ ಸಾಲು ಇರುತ್ತದೆ. ಆ ಸಾಲು ಹುಡುಕಿ. ಆಪರೇಷನ್‌ಗೆ ಮಾತ್ರ ಅನ್ವಯ ಅಂತ ತಿದ್ದಿಸಿ. ಜ್ವರದ ರೋಗಿ ಮತ್ತೆ ದಾಖಲಾದರೆ ಪ್ರತ್ಯೇಕ ಬಿಲ್ ಅಂತ ಸ್ಪಷ್ಟ ಮಾಡಿಸಿ.

ಅಡಿಕೆ ಕೊಯ್ಲಿನ ಕಾಲದಲ್ಲಿ ಮರದಿಂದ ಬಿದ್ದು ಬರುವ ಕೊನೆಗೌಡರು ನೆನಪಿರಲಿ. ಬೆನ್ನುಮೂಳೆ, ಹಿಮ್ಮಡಿ, ತೊಡೆ ಒಟ್ಟೊಟ್ಟಿಗೆ ಮುರಿದಿರುತ್ತದೆ. ಒಂದೇ ಸಲ ಎರಡು ಆಪರೇಷನ್ ಮಾಡಿದರೆ ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಇನ್ನೂ ಕಡಿಮೆ ಅನ್ನುವ ನಿಯಮ ಹೆಚ್ಚಿನ ಒಪ್ಪಂದಗಳಲ್ಲಿದೆ. ಬೇರೆ ಬೇರೆ ಅಂಗದ ಮೂಳೆಗೆ ಅದು ಅನ್ವಯಿಸಬಾರದು, ಇಂಪ್ಲಾಂಟ್ ಖರ್ಚು ಇನ್‌ವಾಯ್ಸ್ ಪ್ರಕಾರ ಬೇರೆ ಅಂತ ಕೇಳಿ. ಇಲಿ ಜ್ವರ, ಡೆಂಗಿ, ಸ್ಕ್ರಬ್ ಟೈಫಸ್‌ಗೂ ಹೀಗೇ ಒಂದೊಂದು ಸಾಲು ಬರೆದಿಡಿ.

ನಾಲ್ಕನೇ ಹೆಜ್ಜೆ: ಖರ್ಚಿನ ಹಾಳೆ

ಎಲ್ಲ ಪ್ಯಾಕೇಜಿನ ಖರ್ಚು ಲೆಕ್ಕ ಹಾಕಲು ಹೋಗಬೇಡಿ. ಆ ಕಂಪನಿಯಿಂದ ಬರುವ ಹಣದ ಹೆಚ್ಚು ಪಾಲು ತರುವ ಎಂಟು ಹತ್ತು ಮಾತ್ರ ಆರಿಸಿ. ಪ್ರತಿಯೊಂದಕ್ಕೂ ಡಾಕ್ಟರ್ ಫೀಸ್, ಓಟಿ, ಔಷಧ, ನರ್ಸಿಂಗ್, ಬೆಡ್ ದಿನಗಳು, ಕರೆಂಟ್ ಹಾಗೂ ಡೀಸೆಲ್ ಪಾಲು ಬರೆಯಿರಿ. ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತು ಇರುವುದಿಲ್ಲ ಅಂತ ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಿಲ್ಲ. ಜನರೇಟರ್ ಲಾಗ್ ಪುಸ್ತಕದ ಫೋಟೋ, ಡೀಸೆಲ್ ಬಿಲ್ ಜೊತೆಗಿಟ್ಟರೆ ಮಾತು ಬೇಡ. ಪ್ಲೇಟ್‌ಲೆಟ್ ತರಲು ಶಿವಮೊಗ್ಗಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಹೋಗಿ ಬರುವ ಖರ್ಚೂ ಬರಲಿ.

ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಪ್ರಕಾರ ನಿಮ್ಮ ಆಸ್ಪತ್ರೆಯಲ್ಲಿ ದರಪಟ್ಟಿ ತೂಗುಹಾಕಿರಬೇಕು. ವಿಮಾ ಕಂಪನಿಯವರು ಅದರ ಫೋಟೋ ಕೇಳುತ್ತಾರೆ. ಗೋಡೆಯ ಮೇಲೆ ಹಳೇ ದರ ಇಟ್ಟುಕೊಂಡು ಒಪ್ಪಂದದಲ್ಲಿ ಅದಕ್ಕಿಂತ ಜಾಸ್ತಿ ಕೇಳಿದರೆ ಮೊದಲ ನಿಮಿಷದಲ್ಲೇ ಮಾತು ಬಿದ್ದುಹೋಗುತ್ತದೆ. ಕೆಪಿಎಂಇ ನೋಂದಣಿ, ರೋಹಿಣಿ ಐಡಿ (ವಿಮಾ ಕ್ಷೇತ್ರದ ಆಸ್ಪತ್ರೆ ನೋಂದಣಿ ಸಂಖ್ಯೆ), ಎನ್‌ಎಬಿಎಚ್ (ಗುಣಮಟ್ಟದ) ಪ್ರಮಾಣಪತ್ರ ಇದ್ದರೆ ಅದರ ಅವಧಿ, ಎಲ್ಲ ಸರಿ ಇದೆಯಾ ನೋಡಿಕೊಳ್ಳಿ.

ಐದನೇ ಹೆಜ್ಜೆ: ಪತ್ರ ಮತ್ತು ಮಾತುಕತೆ

ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಬರೆಯಿರಿ. ವಿಮಾ ಕಂಪನಿಯ ನೆಟ್‌ವರ್ಕ್ ವಿಭಾಗಕ್ಕೆ, ಪ್ರತಿ ಟಿಪಿಎಗೆ. ಪತ್ರ ಒಂದು ಪುಟ ದಾಟಬಾರದು. ಹೀಗಿರಲಿ:

'ನಮ್ಮ ಆಸ್ಪತ್ರೆಯ ದರಪಟ್ಟಿ ಇಂಥ ದಿನ ಸಹಿಯಾದದ್ದು. ಅಂದಿನಿಂದ ಪರಿಷ್ಕರಣೆ ಆಗಿಲ್ಲ. ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಇಷ್ಟು ಪಾಲಿಸಿದಾರರಿಗೆ ಚಿಕಿತ್ಸೆ ಕೊಟ್ಟಿದ್ದೇವೆ. ಬಿಲ್ ಮೊತ್ತ ಇಷ್ಟು, ಬಂದದ್ದು ಇಷ್ಟು, ಸರಾಸರಿ ಇಷ್ಟು ದಿನಕ್ಕೆ. ಈ ತಾಲ್ಲೂಕಿನಲ್ಲಿ ರಾತ್ರಿ ತುರ್ತು ಆಪರೇಷನ್ ಸೌಲಭ್ಯ ಇಂತಿಷ್ಟು ಕಡೆ ಮಾತ್ರ ಇದೆ. ಲಗತ್ತಿಸಿದ ಹತ್ತು ಪ್ಯಾಕೇಜಿನ ದರ ಮತ್ತು ನಾಲ್ಕು ಷರತ್ತುಗಳ ಪರಿಷ್ಕರಣೆ ಕೋರುತ್ತೇವೆ. ಇಂಥ ದಿನದೊಳಗೆ ಭೇಟಿಗೆ ಸಮಯ ಕೊಡಿ.'

ರಾತ್ರಿ ಸೌಲಭ್ಯದ ಆ ಸಾಲು ಮುಖ್ಯ. ಸಣ್ಣ ಆಸ್ಪತ್ರೆಗೆ ಬಲ ಇಲ್ಲ ಅಂತ ನಾವೇ ಅಂದುಕೊಂಡುಬಿಟ್ಟಿದ್ದೇವೆ. ಅಡಿಕೆ ಬೆಳೆಗಾರರು, ಬ್ಯಾಂಕ್ ನೌಕರರು, ಶಿಕ್ಷಕರು ನಮ್ಮ ತಾಲ್ಲೂಕುಗಳಲ್ಲಿ ಪಾಲಿಸಿ ಕೊಳ್ಳುತ್ತಾರೆ. ಹತ್ತಿರದಲ್ಲಿ ಕ್ಯಾಶ್‌ಲೆಸ್ ಆಸ್ಪತ್ರೆ ಇಲ್ಲದಿದ್ದರೆ ಏಜೆಂಟನ ಮುಂದೆ ಮೊದಲು ಕೇಳುವುದು ಅದನ್ನೇ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಅದೇ ಆಪರೇಷನ್ ಮಾಡಿಸಿದರೆ ಕಂಪನಿಗೆ ಬೀಳುವ ಬಿಲ್ ನಿಮ್ಮದಕ್ಕಿಂತ ಎಷ್ಟು ದೊಡ್ಡದು ಅಂತ ಅವರಿಗೇ ಗೊತ್ತು. ಅದನ್ನು ನೆನಪಿಸುವುದು ತಪ್ಪಲ್ಲ.

ಎದುರು ಕೂತಾಗ ಮೊದಲು ಹಣ ಬರುವ ದಿನಗಳನ್ನು ಎತ್ತಿಕೊಳ್ಳಿ. 'ಡಿಸ್ಕೌಂಟ್ ಕೊಡುತ್ತೇವೆ. ಪೂರ್ತಿ ಕಾಗದ ತಲುಪಿದ 15 ದಿನದೊಳಗೆ ಹಣ ಬಂದರೆ ಮಾತ್ರ. ತಡವಾದರೆ ಡಿಸ್ಕೌಂಟ್ ಇಲ್ಲ.' ಇದು ನ್ಯಾಯದ ಮಾತು, ಅಲ್ಲಗಳೆಯುವುದು ಕಷ್ಟ. ಐಆರ್‌ಡಿಎಐ ಮೇ 2024ರಲ್ಲಿ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಕೂಡ ಕೈಯಲ್ಲಿರಲಿ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ತೀರ್ಮಾನ, ಡಿಸ್ಚಾರ್ಜ್ ಕೋರಿಕೆಗೆ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆಯ ಬಿಲ್ ಏರಿದರೆ ಆ ಹೆಚ್ಚುವರಿಯನ್ನು ಕಂಪನಿಯೇ ಭರಿಸಬೇಕು. ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ನಿಮ್ಮ ಎಕ್ಸೆಲ್‌ನಲ್ಲಿ ಈ ಗಡುವು ಮೀರಿದ ಕೇಸುಗಳಿದ್ದರೆ ಅವನ್ನೇ ಮೇಜಿನ ಮೇಲಿಡಿ.

ನಂತರ ಮಲೆನಾಡಿನ ಕಾಯಿಲೆಗಳು. ಕೊನೆಗೆ ಹತ್ತು ಪ್ಯಾಕೇಜಿನ ದರ. ಜೊತೆಗೆ ಪ್ರತಿ ವರ್ಷ ಒಂದಿಷ್ಟು ಪರ್ಸೆಂಟ್ ತಾನಾಗಿ ಏರುವ ಷರತ್ತು ಕೇಳಿ. ಅದು ಸಿಕ್ಕರೆ ಮುಂದಿನ ಸಲ ಇಷ್ಟೆಲ್ಲ ಒದ್ದಾಟ ಇರುವುದಿಲ್ಲ. ಬಿಟ್ಟುಕೊಡಲು ಏನಾದರೂ ಇಟ್ಟುಕೊಂಡೇ ಹೋಗಿ. ಪೊರೆ ಆಪರೇಷನ್‌ನಂತಹ ನಿಗದಿತ ಕೆಲಸದಲ್ಲಿ ದರ ಹಾಗೇ ಇರಲಿ ಅನ್ನಬಹುದು. ಡಿಸ್ಚಾರ್ಜ್ ಆದ ಮೂರು ದಿನದಲ್ಲಿ ಪೂರ್ತಿ ಕಾಗದ ಕಳಿಸುತ್ತೇವೆ ಅಂತ ಮಾತು ಕೊಡಬಹುದು.

ಸಹಿಗೆ ಮೊದಲು ಓದಬೇಕಾದ ಸಾಲುಗಳು

ಕಂಪನಿ ಏಕಪಕ್ಷೀಯವಾಗಿ ದರ ಬದಲಿಸಬಹುದು ಅಂತ ಇದ್ದರೆ ತೆಗೆಸಿ. 'ಬೇರೆ ಯಾರಿಗಾದರೂ ಕಡಿಮೆ ದರ ಕೊಟ್ಟರೆ ಅದೇ ದರ ನಮಗೂ' ಅನ್ನುವ ಷರತ್ತನ್ನು ಒಪ್ಪಲೇಬೇಡಿ. ಅವರು ಪಟ್ಟು ಬಿಡದಿದ್ದರೆ ಸರ್ಕಾರಿ ಯೋಜನೆಗಳ ದರ ಇದಕ್ಕೆ ಸೇರುವುದಿಲ್ಲ ಅಂತಾದರೂ ಬರೆಸಿ. ಇಲ್ಲದಿದ್ದರೆ ಯಶಸ್ವಿನಿಯ ದರವನ್ನೇ ತೋರಿಸಿ ಕೇಳುತ್ತಾರೆ. ಕೊಟ್ಟ ಹಣವನ್ನು ಆಡಿಟ್ ಹೆಸರಲ್ಲಿ ಮುಂದಿನ ಬಿಲ್ಲುಗಳಿಂದ ಹಿಡಿಯುವ ಹಕ್ಕಿಗೆ ಕಾಲಮಿತಿ ಇರಬೇಕು, ಹಿಡಿಯುವ ಮೊದಲು ಲಿಖಿತ ನೋಟಿಸ್ ಬರಬೇಕು. ಒಂದು ಕ್ಲೇಮಿಗೆ ಎಲ್ಲ ಕ್ವೆರಿ ಒಂದೇ ಸಲ ಹಾಕಬೇಕು. ವ್ಯಾಜ್ಯ ಬಂದರೆ ಮುಂಬೈ ಅಥವಾ ಚೆನ್ನೈ ಕೋರ್ಟ್ ಅಂತ ಇದ್ದರೆ ಬೆಂಗಳೂರು ಅಂತಾದರೂ ಮಾಡಿಸಿ. ಇಷ್ಟನ್ನು ಒಬ್ಬ ವಕೀಲರಿಗೆ ತೋರಿಸಿ. ಆ ಫೀಸ್ ಒಂದು ಕಡಿತದಷ್ಟೂ ಆಗುವುದಿಲ್ಲ.

ಒಪ್ಪದಿದ್ದರೆ

ನೋಟಿಸ್ ಕೊಟ್ಟು ಹೊರಬರುವ ದಾರಿ ಒಪ್ಪಂದದಲ್ಲೇ ಇದೆ. ಆದರೆ ಸಿಟ್ಟಿನಲ್ಲಿ ಬೇಡ. ಆ ಕಂಪನಿಯಿಂದ ನಿಮ್ಮ ಆದಾಯದ ಎಷ್ಟು ಪಾಲು ಬರುತ್ತದೆ ಅಂತ ಮೊದಲು ನೋಡಿ. 2024ರ ಜನವರಿಯಿಂದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್‌ನ 'ಕ್ಯಾಶ್‌ಲೆಸ್ ಎವೆರಿವೇರ್' ವ್ಯವಸ್ಥೆ ಇದೆ. ನೆಟ್‌ವರ್ಕ್‌ನಲ್ಲಿ ಇಲ್ಲದ ಆಸ್ಪತ್ರೆಯಲ್ಲೂ ರೋಗಿ ಕ್ಯಾಶ್‌ಲೆಸ್ ಕೇಳಬಹುದು. ಮೊದಲೇ ಗೊತ್ತಿರುವ ದಾಖಲಾತಿಗೆ 48 ಗಂಟೆ ಮೊದಲು, ತುರ್ತಿನಲ್ಲಿ ದಾಖಲಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಅದೂ ಆಗದಿದ್ದರೆ ರೋಗಿ ತಾವೇ ಕಟ್ಟಿ ನಂತರ ಕ್ಲೇಮ್ ಮಾಡಿಕೊಳ್ಳಬೇಕು. ಅಡಿಕೆ ಮಾರುವ ಮೊದಲಿನ ತಿಂಗಳುಗಳಲ್ಲಿ ಎಷ್ಟು ಮನೆಯಲ್ಲಿ ಅಷ್ಟು ನಗದು ಇರುತ್ತದೆ? ಹಾಗಾಗಿ ಹೊರಬರುವುದಾದರೆ ತಿಂಗಳ ಮೊದಲೇ ರಿಸೆಪ್ಷನ್‌ನಲ್ಲಿ ಬೋರ್ಡ್ ಹಾಕಿ. ಒಳಗಿರುವ ರೋಗಿಗಳಿಗೆ ಡಿಸ್ಚಾರ್ಜ್ ಆಗುವವರೆಗೆ ಹಳೇ ಒಪ್ಪಂದವೇ ನಡೆಯಲಿ. ದರದ ಜಗಳದ ಭಾರ ಮಲಗಿರುವ ರೋಗಿಯ ಮೇಲೆ ಬೀಳಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ.

ತಾಲ್ಲೂಕಿನ ಎಲ್ಲ ಆಸ್ಪತ್ರೆ ಸೇರಿ ಒಂದೇ ದರ ನಿಗದಿ ಮಾಡಿ ಪಟ್ಟು ಹಿಡಿಯೋಣ ಅನ್ನುವ ಸಲಹೆ ಬರುತ್ತದೆ. 2025ರ ಆಗಸ್ಟ್‌ನಲ್ಲಿ ಆಸ್ಪತ್ರೆಗಳ ಸಂಘವಾದ ಎಎಚ್‌ಪಿಐ, ದರ ಪರಿಷ್ಕರಣೆಯ ವಿಷಯಕ್ಕೇ ಉತ್ತರ ಭಾರತದ ಸದಸ್ಯರಿಗೆ ಒಂದು ವಿಮಾ ಕಂಪನಿಯ ಕ್ಯಾಶ್‌ಲೆಸ್ ನಿಲ್ಲಿಸಲು ಹೇಳಿದ ಸುದ್ದಿ ಹಲವರು ಓದಿರಬಹುದು. ಮಾತುಕತೆಯ ನಂತರ ಅದನ್ನು ಹಿಂದೆ ತೆಗೆದುಕೊಂಡರು. ಆದರೆ ಪೈಪೋಟಿಯಲ್ಲಿರುವವರು ಕೂಡಿ ದರ ನಿಗದಿ ಮಾಡುವುದಕ್ಕೆ 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಅಡ್ಡ ಬರುತ್ತದೆ. ಯಾವ ಷರತ್ತು ಅಪಾಯ, ಯಾವ ಕಾನೂನು ನಮ್ಮ ಪರ ಇದೆ ಅಂತ ಸಹೋದ್ಯೋಗಿಗಳ ಜೊತೆ ಚರ್ಚೆ ಮಾಡಿ. ದರದ ಅಂಕಿ ಮಾತ್ರ ನಿಮ್ಮ ನಿಮ್ಮದೇ ಇರಲಿ.

ಸಹಿಯಾದ ಮೇಲೆ

ಹೊಸ ದರ ಕಾಗದದಲ್ಲಿ ಬಂದ ಮಾತ್ರಕ್ಕೆ ಪೋರ್ಟಲ್‌ನಲ್ಲಿ ಬಂದಿರುವುದಿಲ್ಲ. ಜಾರಿ ದಿನದ ನಂತರದ ಮೊದಲ ಹತ್ತು ಪ್ರೀ-ಆಥ್ (ಚಿಕಿತ್ಸೆಗೆ ಮುಂಚಿನ) ಒಪ್ಪಿಗೆಗಳನ್ನು ಹೊಸ ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿ. ಹಳೇ ದರ ಕಂಡರೆ ಅವತ್ತೇ ಮೇಲ್ ಹಾಕಿ. ಹೊಸ ಪಟ್ಟಿಯ ಒಂದು ಪ್ರತಿ ಬಿಲ್ಲಿಂಗ್ ಟೇಬಲ್ಲಿಗೆ, ಒಂದು ಓಟಿಗೆ ಕೊಡಿ. ಜಾರಿ ದಿನದ ಮೊದಲು ದಾಖಲಾಗಿ ನಂತರ ಡಿಸ್ಚಾರ್ಜ್ ಆಗುವ ರೋಗಿಗೆ ಯಾವ ದರ ಅನ್ನುವುದು ಒಪ್ಪಂದದಲ್ಲೇ ಬರೆದಿರಲಿ. ದಾಖಲಾದ ದಿನದ ದರ ಅಂತ ಇಟ್ಟುಕೊಂಡರೆ ತಕರಾರು ಕಡಿಮೆ. ಆ ಬಿಲ್ಲುಗಳ ಹಣ ಪೂರ್ತಿ ಬರುವವರೆಗೆ ಹಳೇ ದರಪಟ್ಟಿಯ ಫೈಲನ್ನು ಕಪಾಟಿಗೆ ಹಾಕಬೇಡಿ.